ಕಟ್ಟಿದವಳೇ ಬಿಚ್ಚಬೇಕು

ಹೋದ ತಿಂಗಳು ನಮ್ಮ ಮನೆಯ ಫ್ರಿಜ್ ಕೆಟ್ಟಿತು. ಸೊಸೆ ಫೋನಿನಲ್ಲಿ ದೂರು ಕೊಟ್ಟಳು. ಒಬ್ಬ ಬಂದ, ಫ್ರಿಜ್ಜಿನ ಹಿಂದೆ ಕುಳಿತು ಏನೋ ಬಿಚ್ಚಿದ, ಏನೋ ಊದಿದ, ಹೋದ. ಅವನು ಗೇಟು ದಾಟುವುದರೊಳಗೆ ಸೊಸೆಯ ಫೋನಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ. ಸಂಜೆಗೆ ಒಳಗಿಟ್ಟ ಹಾಲು ಒಡೆಯಿತು. ಮತ್ತೆ ಫೋನ್ ಮಾಡಿದರೆ, ಹಳೆಯ ದೂರು ಮುಗಿದಿದೆ, ಹೊಸದು ಬರೆಸಿ ಅಂದರು. ನಾಲ್ಕು ಸಲ ಹೀಗೇ ಆಯಿತು. ಅವರ ಲೆಕ್ಕದಲ್ಲಿ ನಾಲ್ಕು ದೂರು, ನಾಲ್ಕೂ ಪರಿಹಾರ. ನಮ್ಮ ಮನೆಯಲ್ಲಿ ನಾಲ್ಕು ಪಾತೇಲಿ ಒಡೆದ ಹಾಲು.

ನಾನು ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು. ನನಗೆ ಫ್ರಿಜ್ಜಿನ ವಿಷಯ ಗೊತ್ತಿಲ್ಲ. ಆದರೆ ಒಂದು ದೂರು ಯಾವಾಗ ಮುಗಿಯುತ್ತದೆ, ಮುಗಿಯಿತು ಅಂತ ಹೇಳುವವರು ಯಾರು ಎನ್ನುವುದು ಗೊತ್ತಿದೆ. ಅದನ್ನು ನಾವು ಹದಿನಾಲ್ಕು ಹೆಂಗಸರು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಕುಳಿತು, ಜಗಳಾಡಿ ತೀರ್ಮಾನ ಮಾಡಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ.

ಅದು ಹೊಲಿಗೆಯ ಶೆಡ್ಡು. ದವಾಖಾನೆಯ ಬಿಳಿ ಕೋಟು, ಶಾಲೆಯ ಹುಡುಗರ ಖಾಕಿ ಚಡ್ಡಿ ಹೊಲಿಯುತ್ತಿದ್ದೆವು. ಹದಿನಾಲ್ಕು ಮಷೀನುಗಳು, ಎಲ್ಲವೂ ಕಾಲಿನಿಂದ ತುಳಿಯುವಂಥವು. ಮಿಲ್ಲಿನ ಭೋಂಗಾ ಊದಿದರೆ ಶುರು, ಸಂಜೆಯ ಭೋಂಗಾಕ್ಕೆ ಬಂದ್. ನಮ್ಮ ಕೆಲಸ ನೋಡಿಕೊಳ್ಳಲು ಒಬ್ಬರು ಬಾಯಾರು, ಅಂದರೆ ಮೇಡಂ, ಇದ್ದರು. ಧಾರವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಅವರ ಮಾತು ಇಸ್ತ್ರಿ ಹಾಕಿದ ಸೀರೆಯ ಹಾಗೆ, ಎಲ್ಲೂ ಮುದ್ದೆಯಿಲ್ಲ. ಹೊಲಿಗೆಯಲ್ಲಿ ಒಂದು ಟಾಕಿ ತಪ್ಪಿದ್ದರೂ ಅವರ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು.

ಮಷೀನು ಕೆಟ್ಟರೆ ನೋಡಲು ಮಿಸ್ತ್ರಿ ಕಾಕಾ ಇದ್ದರು. ಬಾಜಾರದಲ್ಲಿ ಅವರದೊಂದು ಪುಟ್ಟ ಅಂಗಡಿ, ಅಲ್ಲಿ ಗಿರಾಕಿ ಕಡಿಮೆ. ಶೆಡ್ಡಿನ ಕೆಲಸವೇ ಅವರಿಗೆ ಗಟ್ಟಿ ಆಧಾರ. ವಾರಕ್ಕೆ ಮೂರು ದಿನ ಬೆಳಿಗ್ಗೆ ಬಂದು, ಮಧ್ಯಾಹ್ನದೊಳಗೆ ಅಂಗಡಿಗೆ ಹೋಗುತ್ತಿದ್ದರು. ಕಣ್ಣಿಗೆ ಹಾಕುವ ಚಾಳೀಸಿನ ಒಂದು ಕಾಲು ಮುರಿದು, ಅಲ್ಲಿ ದಾರ ಸುತ್ತಿದ್ದರು. ಅದೂ ಕೋಟು ಹೊಲಿಯುವ ಬಿಳಿ ದಾರ.

ನಮ್ಮಲ್ಲಿ ಬರೆಯಲು ಬರುತ್ತಿದ್ದವರು ಮೂರೋ ನಾಲ್ಕೋ ಮಂದಿ. ಹಾಗಾಗಿ ದೂರು ಬರೆಯುವ ಪುಸ್ತಕ ಇರಲಿಲ್ಲ. ಬಾಯಾರ ಮೇಜಿನ ಮೇಲೆ ಒಂದು ಡಬ್ಬಿ, ಅದರ ತುಂಬ ಗೇಣುದ್ದದ ಕೆಂಪು ಬಟ್ಟೆಯ ಪಟ್ಟಿಗಳು. ಯಾರ ಮಷೀನು ಕೆಡುತ್ತದೋ ಅವಳು ಒಂದು ಪಟ್ಟಿ ತಂದು ಮಷೀನಿನ ಕುತ್ತಿಗೆಗೆ ಕಟ್ಟಬೇಕು. ಕಾಕಾ ಬಂದು ಕೆಂಪು ಕಂಡಲ್ಲಿ ಕುಳಿತು ರಿಪೇರಿ ಮಾಡಿ, ಪಟ್ಟಿ ಬಿಚ್ಚಿ ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಬಹಳ ದಿನ ಹೀಗೇ ನಡೆಯಿತು.

ನನ್ನ ಎಡಕ್ಕೆ ತಾರಿಹಾಳದ ಕಡೆಯ ಒಬ್ಬ ಅಕ್ಕ ಕೂಡುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿಯೂ ಅಷ್ಟೇ ದೊಡ್ಡದು. ಒಂದು ದಿನ ಅವಳ ಮಷೀನು ಎಣ್ಣೆ ಸೋರುತ್ತಿದೆ ಅಂತ ಪಟ್ಟಿ ಕಟ್ಟಿದಳು. ಅವಳು ಬುತ್ತಿ ಬಿಚ್ಚಿಕೊಂಡು ಹೊರಗೆ ಕುಳಿತಾಗ ಕಾಕಾ ರಿಪೇರಿ ಮುಗಿಸಿ, ಪಟ್ಟಿ ಬಿಚ್ಚಿ ಹೋದರು. ಇವಳು ಬಂದಳು, ಪಟ್ಟಿ ಇಲ್ಲ, ಸರಿಯಾಗಿದೆ ಅಂತ ಕುಳಿತಳು. ಸಂಜೆ ನೋಡಿದರೆ ಆರು ಬಿಳಿ ಕೋಟಿನ ಬೆನ್ನ ಮೇಲೆ ಎಣ್ಣೆಯ ಕಲೆ.

ಮರುದಿನ ಬಾಯಾರು ಎಲ್ಲ ಮಷೀನು ನಿಲ್ಲಿಸಿ ಕೇಳಿದರು. "ಪಟ್ಟಿ ಯಾರು ಬಿಚ್ಚಿದವರು?"

"ನಾನರೀ," ಅಂದರು ಕಾಕಾ. "ರಿಪೇರಿ ಮಾಡಿದಾಂವ ನಾ, ಬಿಚ್ಚಾಂವನೂ ನಾನ. ಅಂಗಡ್ಯಾಗೂ ಹಂಗ ಮಾಡತೇನಿ."

"ಅಂಗಡ್ಯಾಗ ಗಿರಾಕಿ ಎದುರಿಗೆ ನಿಂತು, ತುಳದು ನೋಡಿ ಒಯ್ತಾನಲ್ರೀ ಕಾಕಾ," ಅಂದಳು ತಾರಿಹಾಳದ ಅಕ್ಕ. "ಇಲ್ಲಿ ನಾ ಎರಡು ರೊಟ್ಟಿ ತಿಂದು ಬರೂದ್ರಾಗ ನೀವೂ ಇಲ್ಲ, ಪಟ್ಟಿನೂ ಇಲ್ಲ."

"ನಿಮ್ಮ ಕೈಯಾಗ ಬಿಟ್ರ ಪಟ್ಟಿ ಬಿಚ್ಚೂದ ಇಲ್ಲವಾ. ಕಟ್ಟೂದಷ್ಟ ಗೊತ್ತು ನಿಮಗ. ಅಲ್ಲಿ ನೋಡು, ಮೂಲ್ಯಾಗಿನ ಮಷೀನಿಗೆ ಹೋದ ತಿಂಗಳಿಂದ ಪಟ್ಟಿ ಐತಿ, ಮಷೀನು ಕುದರಿ ಓಡಿದಂಗ ಓಡಾಕತ್ತೈತಿ."

ಮೂಲೆಯವಳು ಮೆಲ್ಲಗೆ ಪಟ್ಟಿ ಬಿಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ಎಲ್ಲರೂ ನಕ್ಕರು. ಬಾಯಾರು ನಗಲಿಲ್ಲ.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನಗೆ ಆಗಲೂ ಬರುತ್ತಿರಲಿಲ್ಲ. "ಹೊಟ್ಟಿ ಕಡ್ಯಾಕತ್ತಿದ್ದು ನಂದಂದ್ರ, ನಿಂತತಿ ಅಂತ ಹೇಳಾಕಿನೂ ನಾನ ಅಲ್ರೀ," ಅಂದೆ. "ಅದನ್ನ ಡಾಕ್ಟರ್ ಹೆಂಗ ಹೇಳ್ತಾರ?"

ಕಾಕಾ ನನ್ನ ಕಡೆ ತಿರುಗಿದರು. "ಛಲೋ ಮಾತು. ಆದ್ರ ಎರಡು ತಿಂಗಳ ಮ್ಯಾಲೆ ನಿನಗ ತಲಿನೋವು ಬರತೈತಿ. ಆಗೂ ನನ್ನ ಹೊಟ್ಟಿ ಔಷಧದ್ದ ತಪ್ಪು ಅಂತೀ. ಅದಕ್ಕೇನು ಮಾಡೂದು?"

ಅದೂ ಖರೆಯೇ. ನಮ್ಮಲ್ಲಿ ಸೂಜಿ ಮುರಿದರೂ ಕಾಕಾನ ಹಳೆಯ ರಿಪೇರಿಯ ಮೇಲೆ ಹಾಕುವವರು ಇದ್ದರು.

ಬಾಯಾರು ಇಬ್ಬರ ಮಾತೂ ಕೇಳಿದರು. ಆಮೇಲೆ ಒಂದು ಪಟ್ಟಿ ಎತ್ತಿ ಹಿಡಿದು ಹೇಳಿದರು. ಇನ್ನು ಮುಂದೆ ಕಟ್ಟಿದವಳೇ ಬಿಚ್ಚಬೇಕು, ಕಾಕಾ ಮುಟ್ಟುವ ಹಾಗಿಲ್ಲ. ಕಾಕಾ ತಮ್ಮ ಕೆಲಸ ಮುಗಿದರೆ ಮಷೀನಿನ ಹಲಗೆಯ ಮೇಲೆ ಸೀಮೆಸುಣ್ಣದ ಗೀಟು ಹಾಕಬೇಕು. ಕಟ್ಟಿದವಳು ಬೆಳಗಿನ ಭೋಂಗಾದಿಂದ ಸಂಜೆಯ ಭೋಂಗಾದವರೆಗೆ ಪೂರ್ತಿ ಒಂದು ದಿನ ತಾನೇ ತುಳಿದು ನೋಡಿ, ಬೇನೆ ತಿರುಗಿ ಬರಲಿಲ್ಲ ಅಂದರೆ ಬಿಚ್ಚಬೇಕು. ತಿರುಗಿ ಬಂದರೆ ಹೊಸ ಪಟ್ಟಿ ಕೊಡುವುದಿಲ್ಲ, ಅದೇ ಪಟ್ಟಿಗೆ ಒಂದು ಗಂಟು. ಬೇರೆ ಬೇನೆಯಾದರೆ ಮಾತ್ರ ಬೇರೆ ಪಟ್ಟಿ. ಪಟ್ಟಿ ಇರುವ ಮಷೀನಿಗೆ ಮತ್ತೊಬ್ಬಳು ಕೂಡ್ರಬಾರದು. ಯಾಕಂದರೆ ಬೇನೆ ಹೋಯಿತೋ ಇಲ್ಲವೋ ಅಂತ ಹೇಳುವವಳು ಅದನ್ನು ಕಂಡವಳೇ ಆಗಿರಬೇಕು.

"ಮೂರು ಗಂಟು ಬಿದ್ರ?" ಅಂತ ಯಾರೋ ಕೇಳಿದರು.

"ಮೂರು ಬಿದ್ರ ಕಾಕಾ ಎಲ್ಲಾರ ಮುಂದ ಕಾರಣ ಹೇಳಬೇಕು," ಅಂದರು ಬಾಯಾರು. "ಕಾರಣ ತಿಳೀದಿದ್ರ ನಾ ಬ್ಯಾರೆ ಮಿಸ್ತ್ರಿನ್ನ ನೋಡಬೇಕಾಗ್ತದ. ಕಬೂಲ್ ಏನ್ರಿ ಕಾಕಾ?"

"ಕಬೂಲ್ ರೀ. ನನ್ನ ಕೈಯಾಗ ಮೂರನೇ ಗಂಟು ಬೀಳಂಗಿಲ್ಲ."

ಬೀಳಲೂ ಇಲ್ಲ, ಒಂದೂವರೆ ವರ್ಷ. ಎರಡನೆಯ ಗಂಟು ಬಿದ್ದದ್ದೂ ಅಪರೂಪ.

ಆಮೇಲೆ ನಾನು ಬಸಿರಾದೆ. ಅದಕ್ಕೂ ಮೊದಲು ಎರಡು ಸಲ ಆಗಿದ್ದೆ, ಎರಡೂ ನಿಂತಿರಲಿಲ್ಲ. ಹಾಗಾಗಿ ಈ ಸಲ ಗಂಡ ಮತ್ತು ಅತ್ತೆಯನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಹೊಟ್ಟೆ ಕಂಡರೆ ಶೆಡ್ಡಿನಿಂದ ಮನೆಗೆ ಕಳಿಸುತ್ತಿದ್ದರು. ಹೆರಿಗೆ ಆದ ಮೇಲೆ ಬಾ ಅಂತಲೇ ಕಳಿಸುತ್ತಿದ್ದರು. ಆದರೆ ಮಷೀನಿಗಾಗಿ ಕಾಯುವವರು ಬಾಗಿಲ ಹೊರಗೇ ಇದ್ದರು. ನನ್ನ ಕಣ್ಣ ಮುಂದೆ ಇಬ್ಬರು ಹೋಗಿ ತಿರುಗಿ ಬಂದಾಗ, ಅವರ ಮಷೀನಿನ ಪಕ್ಕ ಬೇರೆಯವರ ಬುತ್ತಿಯ ಗಂಟು ಇತ್ತು. ನನ್ನ ಗಂಡನಿಗೆ ಹತ್ತಿಯ ಹಂಗಾಮಿನಲ್ಲಿ ಮಾತ್ರ ಕೆಲಸ. ಅದಕ್ಕಿಂತ ಹೆಚ್ಚಾಗಿ, ಆ ಮಷೀನು ನನ್ನದು ಅನ್ನಿಸಿತ್ತು. ನನ್ನದು ಅನ್ನಿಸಿದ ಮೊದಲನೆಯ ವಸ್ತು.

ಸೆರಗನ್ನು ಮುಂದೆ ಎಳೆದು ಹೊದ್ದುಕೊಂಡು ಹೊಲಿಯುತ್ತಿದ್ದೆ. ಐದನೆಯ ತಿಂಗಳಿಗೆ ಮಷೀನು ಕಾಡತೊಡಗಿತು. ಬೆಳಿಗ್ಗೆ ಸರಿ ಇರುತ್ತಿತ್ತು. ಊಟ ಮಾಡಿ ಬಂದು ಕುಳಿತರೆ ದಾರ ಕೆಳಗೆ ಗೊಂಚಲಾಗಿ ಸಿಕ್ಕಿಕೊಂಡು ಹರಿಯುತ್ತಿತ್ತು. ಪಟ್ಟಿ ಕಟ್ಟಿದೆ. ಕಾಕಾ ಬೆಳಿಗ್ಗೆ ಬಂದು ತಾವೇ ಕುಳಿತು ತುಳಿದರು, ಒಂದು ಟಾಕಿ ತಪ್ಪಲಿಲ್ಲ. ಆದರೂ ಬಾಬಿನ್ ತೆಗೆದು ಒರೆಸಿ, ಎಣ್ಣೆ ಬಿಟ್ಟು, ಗೀಟು ಹಾಕಿ ಹೋದರು. ಮಧ್ಯಾಹ್ನ ಮತ್ತೆ ಹರಿಯಿತು. ಒಂದು ಗಂಟು. ಮುಂದಿನ ಸಲ ಸೂಜಿಯನ್ನೂ ಗಾಲಿಯ ಪಟ್ಟಾವನ್ನೂ ಬದಲಿಸಿದರು. ಮಧ್ಯಾಹ್ನ ಮತ್ತೆ ಹರಿಯಿತು. ಎರಡು ಗಂಟು.

"ಕಾಕಾ ತುಳದ್ರ ಓಡತೈತಿ, ನೀ ತುಳದ್ರ ಮುನಸ್ಕೊಂಡು ಕೂಡತೈತಿ," ಅಂದಳು ತಾರಿಹಾಳದ ಅಕ್ಕ. "ನಿನ್ನ ಗಂಡನ ಮನಿ ಕಡೇದಿರಬೇಕು ಈ ಮಷೀನು."

ಮೂರನೆಯ ಸಲ ಇಡೀ ಮಷೀನು ಬಿಚ್ಚಿ ಜೋಡಿಸಿ ಹೋದರು. ಮರುದಿನ ಮಧ್ಯಾಹ್ನ ದಾರ ಹರಿಯಿತು. ನನ್ನ ಕೈ ಪಟ್ಟಿಯ ಹತ್ತಿರ ಹೋಗಿ ನಿಂತಿತು. ಈ ಗಂಟು ಬಿದ್ದರೆ ಏನಾಗುತ್ತದೆ ಅಂತ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸುಮ್ಮನಿದ್ದುಬಿಡಲೇ ಅಂತ ಯೋಚಿಸಿದೆ. ಸುಮ್ಮನಿದ್ದರೆ ನನ್ನ ಕೋಟುಗಳು ಕೆಡುತ್ತಿದ್ದವು. ದಾರ ಹರಿದದ್ದಂತೂ ಖರೆ. ಕಟ್ಟಿದೆ.

ಮುಂದಿನ ಪಾಳಿಗೆ ಬಂದ ಕಾಕಾ ಪಟ್ಟಿ ಮುಟ್ಟಿ ನೋಡಿದರು. "ಮೂರಾದೂ ಏನವಾ."

"ಹೂಂ ಕಾಕಾ. ಏನ್ ಮಾಡ್ಲಿ, ಹರೀತೈತಿ."

"ಹರದ್ರ ಕಟ್ಟಬೇಕು. ಕಟ್ಟಿದ್ದು ಛಲೋ ಮಾಡಿದಿ." ಆಮೇಲೆ ಗಾಲಿ ತಿರುಗಿಸಿ ನೋಡಿ, "ಯಾವಾಗ ಹರೀತೈತಿ?" ಅಂತ ಕೇಳಿದರು.

ಅದುವರೆಗೆ ಅವರು ಅದನ್ನು ಕೇಳಿಯೇ ಇರಲಿಲ್ಲ. ನಾನೂ ಹೇಳಿರಲಿಲ್ಲ. ಪಟ್ಟಿಗೆ ಬಾಯಿ ಇರುವುದಿಲ್ಲವಲ್ಲ, ಕೆಟ್ಟಿದೆ ಅಂತ ಹೇಳುತ್ತದೆ, ಯಾವ ಹೊತ್ತಿಗೆ ಅಂತ ಹೇಳುವುದಿಲ್ಲ.

"ಊಟ ಆದ ಮ್ಯಾಲೆ ರೀ."

ಆ ದಿನ ಕಾಕಾ ಅಂಗಡಿಗೆ ಹೋಗಲಿಲ್ಲ. ನಮ್ಮ ಜೊತೆಯೇ ಕುಳಿತು ರೊಟ್ಟಿ ತಿಂದರು, ತಾರಿಹಾಳದ ಅಕ್ಕನ ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಗಿದೆ ಅಂತ ಹೇಳಿ ಬೈಸಿಕೊಂಡರು. ನಾನು ಮಷೀನಿಗೆ ಕುಳಿತಾಗ ಎದುರಿಗೆ ನೆಲದ ಮೇಲೆ ಚಹಾದ ಕಪ್ಪು ಹಿಡಿದು ಕುಳಿತರು. "ನೀ ಹೊಲಿ," ಅಂದರು.

ಹೊಲಿದೆ. ದಾರ ಹರಿಯಿತು. ಪೋಣಿಸಿದೆ, ಮತ್ತೆ ಹರಿಯಿತು. ಕಾಕಾ ಮಷೀನಿನ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಕಾಲು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆಗ ನನ್ನ ಕಾಲು ಬಾತುಕೊಳ್ಳುತ್ತಿದ್ದವು, ಕಾಲುಂಗುರ ಬೆರಳಲ್ಲಿ ಹೂತು ಕೂಡುತ್ತಿತ್ತು. ಅವರ ಕಣ್ಣು ಕಾಲಿನಿಂದ ನನ್ನ ಸ್ಟೂಲಿಗೆ ಬಂತು. ಸ್ಟೂಲಿಗೂ ಹಲಗೆಗೂ ನಡುವೆ ಇದ್ದ ಜಾಗಕ್ಕೆ ಬಂತು. ಆಮೇಲೆ ಫಕ್ಕನೆ ತಲೆ ಎತ್ತಿ ತಗಡು ನೋಡತೊಡಗಿದರು, ಅಲ್ಲೇನೋ ಹಕ್ಕಿ ಗೂಡು ಕಟ್ಟಿದೆ ಅನ್ನುವ ಹಾಗೆ.

ಚಹಾ ಮುಗಿಸಿ ಎದ್ದರು. ತಮ್ಮ ಪೆಟ್ಟಿಗೆಯಿಂದ ಕಟ್ಟಿಗೆಯ ಒಂದು ತುಂಡು ತೆಗೆದು, ಕಾಲಿನ ಕೆಳಗೆ ತುಳಿಯುವ ಜಾಲರಿಯ ಮೇಲೆ ತಂತಿಯಿಂದ ಬಿಗಿದರು. "ಈಗ ತುಳಿ."

ತುಳಿದೆ. ನೀರು ಹರಿದ ಹಾಗೆ ಹೋಯಿತು.

ಬಾಯಾರು ಬಂದು ಮೂರು ಗಂಟು ನೋಡಿದರು. "ಹೇಳ್ರಿ ಕಾಕಾ, ಎಲ್ಲಾರ ಮುಂದ. ಏನಾಗಿತ್ತು ಇದಕ್ಕ?"

ಕಾಕಾ ಚಿಂದಿಯಿಂದ ಕೈ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. "ತಿಳೀಲಿಲ್ರೀ ಬಾಯಾರ."

"ಈಗ ಓಡಾಕತ್ತದಲ್ಲ."

"ಓಡತೈತ್ರಿ. ಯಾಕ ಕೆಟ್ಟಿತ್ತು ಅನ್ನೂದು ನನಗ ತಿಳೀಲಿಲ್ಲ."

ಪಟ್ಟಾ ಸಡಿಲಾಗಿತ್ತು ಅಂದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಮಷೀನಿನ ಮೇಲೂ ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು. ಸುಳ್ಳು ಹೇಳಿದ್ದು ತಮ್ಮ ಮೇಲೆ.

ಬಾಯಾರು ಚಾಳೀಸು ತೆಗೆದು ಕೈಯಲ್ಲಿ ಹಿಡಿದರು. "ಹಂಗಾದ್ರ ಮುಂದಿನ ವಾರದಿಂದ ಬ್ಯಾರೆಯವರನ್ನ ನೋಡ್ತೇನಿ. ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಎಲ್ಲಾರ ಮುಂದ ಆಡಿದ ಮಾತು."

"ಖರೆ ಐತ್ರಿ," ಅಂದರು ಕಾಕಾ. "ನಾಳೆ ಬಂದು ಸಾಮಾನು ಒಯ್ತೇನಿ."

ಅವರು ಹೋದ ಮೇಲೆ ತಾರಿಹಾಳದ ಅಕ್ಕ ಬಗ್ಗಿ ಆ ಕಟ್ಟಿಗೆಯ ತುಂಡು ನೋಡಿದಳು, ನನ್ನ ಸ್ಟೂಲು ನೋಡಿದಳು. "ಎಷ್ಟು ತಿಂಗಳು?" ಅಂದಳು.

"ಐದು."

"ನನಗ ಮೂರರಾಗ ತಿಳಿದಿತ್ತು. ಇದು ಮಾತ್ರ ಈಗ ತಿಳೀತು." ಅವಳು ದನಿ ಇಳಿಸಿದಳು. "ಉಂಡು ಬಂದ ಮ್ಯಾಲೆ ಹೊಟ್ಟಿ ತಾಗಬಾರದಂತ ಹಿಂದ ಹಿಂದ ಸರದು ಕುಂತಿ. ಕಾಲು ಪೂರ್ತಿ ಮುಟ್ಟವಲ್ವು, ತುದಿಬೆರಳಿಲೆ ತುಳ್ಯಾಕತ್ತಿದಿ. ಹಂಗ ತುಳದ್ರ ಗಾಲಿ ಒಮ್ಮೊಮ್ಮೆ ಹಿಂದ ತಿರಗತೈತಿ, ದಾರ ಸಿಗತೈತಿ. ಕಲಿಯೂ ಹುಡುಗ್ಯಾರಿಗೆ ಆಗತೈತಲ್ಲ, ಅದ. ಕಾಕಾಗ ತಿಳಿದೈತಿ. ಬಾಯಿಬಿಟ್ರ ನೀ ಮನಿಗೆ ಹೋಗ್ತಿ ಅಂತ ತಾವ ಹೊಂಟ್ರು."

ಎರಡು ವರ್ಷದಿಂದ ತುಳಿಯುತ್ತಿದ್ದವಳು ನಾನು. ಕಲಿಯುವ ಹುಡುಗಿಯರ ತಪ್ಪು ನನ್ನದಿರಬಹುದು ಅಂತ ಒಂದು ಸಲವೂ ತಲೆಗೆ ಹೊಳೆದಿರಲಿಲ್ಲ. ಮಷೀನಿನ ಕುತ್ತಿಗೆಗೆ ಗಂಟಿನ ಮೇಲೆ ಗಂಟು ಹಾಕಿದ್ದೆ.

ಆ ಸಂಜೆ ಮನೆಯಲ್ಲಿ ಎಂಟು ರೊಟ್ಟಿ ಬಡಿದೆ. ಐದು ಹರಿದವು. ಅತ್ತೆ ಏನಾಯಿತು ಅಂತ ಕೇಳಿದರು, ಹೇಳಿದೆ. ಅತ್ತೆ ಹರಿದ ರೊಟ್ಟಿಯನ್ನೇ ತಮ್ಮ ತಾಟಿಗೆ ಹಾಕಿಕೊಂಡರು. "ಹೇಳಿ ಬಾ," ಅಂದರು. ಅಷ್ಟೇ.

ಮರುದಿನ ಕಾಕಾ ಪೆಟ್ಟಿಗೆ ಹಿಡಿದು ಬಾಗಿಲ ಹತ್ತಿರ ಹೋಗುತ್ತಿದ್ದಾಗ ನಾನು ಎದ್ದು ನಿಂತೆ. "ಬಾಯಾರ, ಕಾಕಾಗ ಕಾರಣ ತಿಳಿದೈತ್ರಿ. ಹೇಳವಲ್ರು. ಮಷೀನಿಗೆ ಏನೂ ಆಗಿಲ್ಲ. ನಾ ಬಸರಿ ಅದೇನಿ. ದೂರ ಕುಂತು ತಪ್ಪು ತುಳ್ಯಾಕತ್ತಿದ್ದೆ."

ಹದಿನಾಲ್ಕೂ ಮಷೀನು ನಿಂತವು.

"ಖರೆನ ಕಾಕಾ?" ಅಂದರು ಬಾಯಾರು.

"ನಾ ಮಷೀನು ನೋಡಾಂವ್ರೀ. ಮನಷ್ಯಾರದು ನನಗೇನ್ ತಿಳೀತೈತಿ."

ಬಾಯಾರು ಅವರನ್ನೇ ನೋಡಿದರು. "ಪೆಟ್ಟಿಗಿ ಕೆಳಗ ಇಡ್ರಿ," ಅಂದರು. ಕಾಕಾ ಇಟ್ಟರು. ಅವರ ವಿಷಯ ಅಲ್ಲಿಗೆ ಮುಗಿಯಿತು. ನನ್ನದು ಉಳಿದಿತ್ತು.

"ನೀ ಮನಿಗೆ ಹೋಗವಾ," ಅಂದರು ನನಗೆ. ದನಿ ಗಡುಸಾಗಿರಲಿಲ್ಲ. "ಹೆರಿಗಿ ಆಗಿ ಬಾ. ಕಾರಣ ಸಿಕ್ತಲ್ಲ, ಪಟ್ಟಿ ಬಿಚ್ಚು. ನಾಳೆ ಬ್ಯಾರೆಯವರು ಕೂಡಬೇಕು."

ಪಟ್ಟಿಗೆ ಕೈ ಹಾಕಿದೆ. ಬಿಚ್ಚಿದರೆ ಆ ಮಷೀನು ನನ್ನದಲ್ಲ. ಮೊದಲನೆಯ ಗಂಟಿನಲ್ಲಿ ಉಗುರು ಇಟ್ಟಿದ್ದೆ.

"ಬಿಚ್ಚಬ್ಯಾಡ," ಅಂದರು ಕಾಕಾ.

ಬಾಯಾರ ಮಾತಿಗೆ ಅವರು ಅಡ್ಡ ಮಾತಾಡಿದ್ದನ್ನು ಅದೇ ಮೊದಲು ನೋಡಿದ್ದು.

"ಪೂರ್ತಿ ಒಂದು ದಿನ ತುಳದು, ಬ್ಯಾನಿ ತಿರಗಿ ಬರಲಿಲ್ಲ ಅಂದ ಮ್ಯಾಲೆ ಬಿಚ್ಚಬೇಕು ಅಂತ ನೀವ ಹೇಳಿದ್ರಿ ಬಾಯಾರ. ಕಟಗಿ ತುಂಡು ಕಟ್ಟಿ ಓಡಿಸಿದ್ದು ರಿಪೇರಿ ಅಲ್ಲರಿ. ಅದನ್ನ ತಗದು, ಈಕಿ ಮೊದಲಿನಂಗ ಹತ್ರ ಕುಂತು ತುಳೀಬೇಕು. ಅದು ಈಗ ಆಗೂ ಮಾತಲ್ಲ."

"ಮತ್ತ ಯಾವಾಗ ಆಗೂದು?"

ತಾರಿಹಾಳದ ಅಕ್ಕ ಬೆರಳು ಮಡಚಿದಳು. "ಇನ್ನ ನಾಕು ತಿಂಗಳು. ಮ್ಯಾಲೆ ಬಾಣಂತನ ಮೂರು."

"ಏಳು ತಿಂಗಳು ಮಷೀನು ಖಾಲಿ ಇಡಬೇಕೇನು ನಾ?"

"ಪಟ್ಟಿ ಇದ್ದ ಮಷೀನಿಗೆ ಮತ್ತೊಬ್ರು ಕೂಡಬಾರದು ಅಂತನೂ ನೀವ ಹೇಳಿದ್ದರಿ," ಅಂದರು ಕಾಕಾ, ನೆಲ ನೋಡುತ್ತಾ. "ಅಂಗಡ್ಯಾಗ ನಂದೊಂದು ಹಳೇ ಮಷೀನು ಐತಿ. ಅಲ್ಲೀತನಕ ಅದನ್ನ ತಂದಿಡತೇನಿ. ನಿಮ್ಮ ಕೆಲಸ ನಿಲ್ಲಂಗಿಲ್ಲ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಬಾಯಾರು ಅತ್ತ ಒಂದು ಸಲ ನೋಡಿದರು, ನಗೆ ನಿಂತಿತು. ಆಮೇಲೆ ತಮ್ಮ ಮೇಜಿಗೆ ಹೋಗಿ ಕುಳಿತು, ಡಬ್ಬಿಯ ಮುಚ್ಚಳ ಹಾಕಿದರು. "ಪಟ್ಟಿ ಕಟ್ಟಿದ ಮಷೀನು ಮೂಲ್ಯಾಗ ಸರಸ್ರಿ," ಅಂದರು. "ಹಾದ್ಯಾಗ ಅಡ್ಡ ಆಗ್ತದ."

ಆ ದಿನವೇ ಶೆಡ್ಡು ಬಿಟ್ಟೆ. ಏಳನೆಯ ತಿಂಗಳಿಗೆ ತವರಿಗೆ ಹೋದೆ, ಧಾರವಾಡದ ಹತ್ತಿರದ ಕೆಲಗೇರಿಗೆ. ಕುಬಸದ ದಿನ, ಅಂದರೆ ಸೀಮಂತದ ದಿನ, ತಾರಿಹಾಳದ ಅಕ್ಕ ಬಯಕೆಯ ಬುತ್ತಿ ಕಟ್ಟಿಕೊಂಡು ಅಷ್ಟು ದೂರ ಬಂದಳು. ಹೊರಗೆ ಚಪ್ಪಲಿ ಬಿಡುವ ಮೊದಲೇ, "ಪಟ್ಟಿ ಹಂಗ ಐತಿ," ಅಂದಳು. ಶೆಡ್ಡಿನವರೆಲ್ಲ ಸೇರಿ ಕಳಿಸಿದ ಹಸಿರು ಕುಬಸ ತಂದಿದ್ದಳು. ಬಾಯಾರೇ ಕುಳಿತು ಹೊಲಿದದ್ದಂತೆ. ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ. ನಮ್ಮ ಹೊಲಿಗೆಯಲ್ಲಿ ತಪ್ಪು ಹುಡುಕುವವರ ಕೈ ಅದು. ಹಾಕಿಕೊಂಡೆ. ಉದ್ದ ತೋಳನ್ನು ಒಳಗೆ ಮಡಚಿ ಪಿನ್ನು ಹಚ್ಚಿದೆ.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಅತ್ತೆಯ ಕೈಗೆ ಕೊಟ್ಟು ಶೆಡ್ಡಿಗೆ ಹೋದೆ. ಮಷೀನು ಮೂಲೆಯಲ್ಲಿತ್ತು. ಪಟ್ಟಿಯ ಕೆಂಪು ಬಿಸಿಲಿಗೆ ಮಾಸಿ ಇಟ್ಟಂಗಿಯ ಬಣ್ಣಕ್ಕೆ ಬಂದಿತ್ತು. ಹಲಗೆಯ ಮೇಲೆ ಧೂಳಿತ್ತು. ಗಾಲಿ ತಿರುಗಿಸಿದೆ, ಸದ್ದಿಲ್ಲದೆ ತಿರುಗಿತು. ಏಳು ತಿಂಗಳು ತುಳಿಯದೆ ಬಿಟ್ಟ ಮಷೀನು ಹಾಗೆ ತಿರುಗುವುದಿಲ್ಲ. ಯಾರೋ ಎಣ್ಣೆ ಬಿಡುತ್ತಾ ಬಂದಿದ್ದರು.

ಕಾಕಾ ಬಂದು ತಂತಿ ಬಿಚ್ಚಿ ಕಟ್ಟಿಗೆಯ ತುಂಡು ತೆಗೆದರು. ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡು, ಪಾದ ಪೂರ್ತಿ ಊರಿ ತುಳಿದೆ. ಮಧ್ಯಾಹ್ನ ಅತ್ತೆ ಕೂಸನ್ನು ತಂದಾಗ ಹಾಲು ಕುಡಿಸಿ ಮತ್ತೆ ಕುಳಿತೆ. ಸಂಜೆಯ ಭೋಂಗಾ ಊದಿತು. ದಾರ ಒಂದು ಸಲವೂ ಹರಿದಿರಲಿಲ್ಲ.

ಗಂಟುಗಳು ಬಿಗಿದು ಕಲ್ಲಾಗಿದ್ದವು. ಉಗುರಿಗೆ ಬರಲಿಲ್ಲ, ಹಲ್ಲಿನಿಂದ ಬಿಚ್ಚಿದೆ. ಒಂದು, ಎರಡು, ಮೂರು. ಬಾಯಲ್ಲಿ ಎಣ್ಣೆಯ ರುಚಿ ಬಂತು. ಅಂಗಡಿ ಮುಚ್ಚಿ ಬಂದ ಕಾಕಾ ಬಾಗಿಲಲ್ಲಿ ನಿಂತಿದ್ದರು. ಬಾಯಾರೂ ಬಸ್ಸಿನ ಹೊತ್ತಾಗಿದ್ದರೂ ಕುಳಿತಿದ್ದರು.

"ಮೂರು ಗಂಟು ಬಿದ್ದ ಮ್ಯಾಲೆ ಎಲ್ಲಾರ ಮುಂದ ಹೇಳಬೇಕವಾ," ಅಂದರು ಕಾಕಾ. "ಏನಾಗಿತ್ತು ಅದಕ್ಕ?"

"ಹೆಣ್ಣು, ಕಾಕಾ."

ಅವರು ನಕ್ಕರು. ಮುಂದಿನ ಹಲ್ಲು ಎರಡೂ ಇರಲಿಲ್ಲ, ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಬಾಯಾರು ಚಾಳೀಸು ತೆಗೆದು ಸೆರಗಿನಿಂದ ಒರೆಸಿದರು. ಪಟ್ಟಿ ಕೊಡು ಅಂತ ಕೈ ಚಾಚಿ, ತೊಡೆಯ ಮೇಲೆ ಇಟ್ಟು ಸಾಪಾಗಿ ತೀಡಿ, ಡಬ್ಬಿಗೆ ಹಾಕಿದರು.

ಮರುದಿನ ಬೆಳಿಗ್ಗೆ ತಾರಿಹಾಳದ ಅಕ್ಕ ಅದೇ ಪಟ್ಟಿಯನ್ನು ತೆಗೆದು ತನ್ನ ಮಷೀನಿಗೆ ಕಟ್ಟಿದಳು. ಎಣ್ಣೆ ಸೋರುತ್ತಿತ್ತು. ಇದು ಹಳೆಯ ಬೇನೆಯೋ ಹೊಸದೋ ಅಂತ ಕಾಕಾ ಕೇಳಿದರು. ಆ ಜಗಳ ಊಟದ ಹೊತ್ತಿನವರೆಗೆ ನಡೆಯಿತು.